ಸ್ವೀಡನ್ನಿನಲ್ಲಿದ್ದ ಕವಿತ

ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ, ಎಂದರೆ ಕಾಡಿನ ಹಾಡಿಯಲ್ಲಿ, ಹುಟ್ಟಿದ ಸೋಲಿಗರ ಹುಡುಗಿಯೊಬ್ಬಳು ಸ್ವೀಡನ್ನಿಗೆ ಓದಲು ಹೋಗುತ್ತಾಳಂತೆ ಎಂಬ ಮಾತು ಯಳಂದೂರಿಗೆ ಇಳಿದು, ಅಲ್ಲಿಂದ ಕೊಳ್ಳೇಗಾಲಕ್ಕೆ ಬಂದು, ಮತ್ತೆ ಬೆಟ್ಟ ಹತ್ತುವಷ್ಟರಲ್ಲಿ ಸುನಿತಾ ಆಗಲೇ ವಿಮಾನ ಏರಿಬಿಟ್ಟಿದ್ದಾಳೆ ಎಂದಾಗಿತ್ತು. ನಿಜ ಹೇಳಬೇಕೆಂದರೆ ಅವಳು ಕೊಳ್ಳೇಗಾಲದ ಬಾಡಿಗೆ ಕೋಣೆಯೊಂದರಲ್ಲಿ, ಹೈಸ್ಕೂಲು ಮಕ್ಕಳಿಗೆ ವಿಜ್ಞಾನದ ಪಾಠ ಹೇಳಿಕೊಂಡು ವೀಸಾಕ್ಕಾಗಿ ಕಾಯುತ್ತಿದ್ದಳು. ಅದು ಮೇ ತಿಂಗಳ ಕೊನೆ. ಆಗಸ್ಟಿನಲ್ಲಿ ಕ್ಲಾಸು ಶುರು.

ಸೀಟು ಸಿಕ್ಕಿದ್ದು ಕಾಡಿನ ವಿಜ್ಞಾನಕ್ಕೆ. ಬಿ.ಎಸ್ಸಿ. ಮುಗಿಸಿ ಎಂಟು ತಿಂಗಳು ಅವಳು ಬೆಟ್ಟಕ್ಕೆ ಬಂದ ಸಂಶೋಧಕರ ಜೊತೆ ನೆಲ್ಲಿಮರಗಳನ್ನು ಎಣಿಸುತ್ತ ತಿರುಗಿದ್ದಳು. ನೆಲ್ಲಿಮರದ ಮೇಲೆ ಕೂತು ಅದರ ಸಾರವನ್ನೇ ಹೀರುವ ಬದನಿಕೆಯ ಬಗ್ಗೆ ಅಪ್ಪ ದೊಡ್ಡಮಾದನಿಂದ ಕೇಳಿದ್ದನ್ನೂ ತಾನು ಕಂಡದ್ದನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಎರಡು ಪುಟ ಬರೆದಿದ್ದಳು. ಖರ್ಚಿಗೆ ಸರ್ಕಾರದ ವಿದ್ಯಾರ್ಥಿವೇತನವಿತ್ತು. ಮಿಕ್ಕ ಕಾಗದಪತ್ರದ ಕೆಲಸವೆಲ್ಲ ಮಾದೇಶನದು.

ಮಾದೇಶನ ಆಫೀಸು ರೇಷ್ಮೆ ಸೀರೆ ಅಂಗಡಿಯೊಂದರ ಮಹಡಿಯ ಮೇಲಿತ್ತು. ಗೋಡೆಯ ತುಂಬ ಹಿಮ ಬಿದ್ದ ಊರುಗಳ ಚಿತ್ರ, ಅವುಗಳ ನಡುವೆ ಅವನು ಕಳಿಸಿದ ಮಕ್ಕಳ ಫೋಟೊ. ನಲವತ್ತರ ಆಸುಪಾಸಿನ ಮನುಷ್ಯ, ಯಾರ ಮೇಲೂ ದನಿ ಏರಿಸಿದವನಲ್ಲ. ಅರ್ಜಿಯನ್ನು ಅವನೇ ತುಂಬಿದ, ಪಾಸ್‌ವರ್ಡನ್ನೂ ಅವನೇ ಇಟ್ಟುಕೊಂಡ.

"ನೋಡಮ್ಮ, ನೀನು ಸೈನ್ ಮಾಡು ಅಷ್ಟೆ. ಮಿಕ್ಕಿದ್ದು ನಾನ್ ನೋಡ್ಕತೀನಿ," ಎಂದು ಅವನು ಕಾಗದದ ಕಂತೆಯ ತುದಿಗಳನ್ನಷ್ಟೇ ಮಗುಚಿ ಹಿಡಿದಿದ್ದ. ಸುನಿತಾ ಹನ್ನೊಂದು ಕಡೆ ಸಹಿ ಹಾಕಿದ್ದಳು.

"ಅಲ್ಲಿ ಓದ್ತಿರೋರು ಯಾರಾದ್ರೂ ಇದ್ರೆ ಮಾತಾಡ್ಬೇಕಿತ್ತು ಸಾ," ಎಂದು ಅವಳು ಕೇಳಿದಾಗ ಮಾದೇಶ ಗೋಡೆಯ ಒಂದು ಫೋಟೊ ತೋರಿಸಿದ. ಎರಡು ಜಡೆ, ಅಗಲ ಹಣೆ, ನಗು.

"ನಮ್ ಕವಿತ. ಅಜ್ಜೀಪುರದೋಳು. ಅಲ್ಲಿಗೋಗಿ ಎರಡ್ ವರ್ಷ ಆಯ್ತು. ನಂಬರ್ ತಕೊ, ಮೆಸೇಜ್ ಮಾಡು. ಪೋನ್ ಮಾತ್ರ ಮಾಡ್ಬೇಡ, ಲ್ಯಾಬಲ್ಲಿರ್ತಾಳೆ."

ಕವಿತ ಒಳ್ಳೆಯವಳಾಗಿದ್ದಳು. ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಬರೆಯುತ್ತಿದ್ದಳು. ಯಾವ ಸ್ವೆಟರು ತರಬೇಕು, ಮೆಣಸಿನಪುಡಿ ಎಷ್ಟು ಕಟ್ಟಿಕೊಳ್ಳಬೇಕು, ಮೊದಲ ವಾರ ಅಳು ಬಂದರೆ ಏನು ಮಾಡಬೇಕು ಎಲ್ಲವನ್ನೂ. 'ಅಕ್ಕ' ಎಂದು ಕರೆದ ಎರಡನೆಯ ದಿನಕ್ಕೇ ಸುನಿತಾಳಿಗೆ ಅವಳು ಸ್ವಂತ ಅಕ್ಕನಂತೆಯೇ ಆಗಿಬಿಟ್ಟಿದ್ದಳು.

ಒಂದು ಸಂಜೆ ಏಳೂವರೆಗೆ ಕವಿತಳ ಮೆಸೇಜು ಬಂತು: 'ಕತ್ತಲಾಯ್ತು ಸುನಿ, ಇನ್ನು ಮನೆಗೆ ಹೊರಡ್ತೀನಿ.'

ಸುನಿತಾ ಅದನ್ನು ಓದಿ ಫೋನು ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಅಲ್ಲಿ ಆಗ ಮಧ್ಯಾಹ್ನ ನಾಲ್ಕು ಗಂಟೆ. ಅಷ್ಟು ಉತ್ತರದ ಆ ಊರಿನಲ್ಲಿ ಜೂನ್ ತಿಂಗಳಲ್ಲಿ ಸರಿಯಾಗಿ ಕತ್ತಲೇ ಆಗುವುದಿಲ್ಲವೆಂದು ಅವಳು ಓದಿದ್ದಳು. ಮೋಡ ಕವಿದಿರಬೇಕು ಎಂದು ಸಮಾಧಾನ ಮಾಡಿಕೊಂಡಳು. ಮನಸ್ಸು ಒಪ್ಪಿತು. ಒಪ್ಪಬೇಕೆಂದು ಹಟ ಹಿಡಿದಿತ್ತು, ಒಪ್ಪಿತು.

ನಾಲ್ಕು ದಿನ ಕಳೆದ ಮೇಲೆ ಮಧ್ಯಾಹ್ನ ಇಬ್ಬರೂ ಮೆಸೇಜಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಗಾಳಿ ಎದ್ದು ಧೂಳು ಹಾರಿತು. ಕೋಣೆಯ ಫ್ಯಾನಿನ ಗುಂಯ್ ಸದ್ದು ಗಕ್ಕನೆ ನಿಂತಿತು. ಅದರ ರೆಕ್ಕೆ ಇನ್ನೂ ತಿರುಗುತ್ತಿರುವಾಗಲೇ ಫೋನಿನಲ್ಲಿ ಅಕ್ಷರ ಮೂಡಿತು.

'ಇರು, ಕರೆಂಟ್ ಹೋಯ್ತು.'

ಮರುಕ್ಷಣದಲ್ಲಿ ಆ ಸಾಲು ಅಳಿಸಿಹೋಯಿತು. ಅದರ ಜಾಗದಲ್ಲಿ ಒಂದು ನಗುವ ಮುಖ ಬಂದು ಕೂತಿತು.

ಸುನಿತಾ ಬೆವರುತ್ತ ಆ ನಗುವ ಮುಖವನ್ನು ನೋಡುತ್ತ ಕುಳಿತಳು. ಬಾಗಿಲು ಹಾಕಿತ್ತು. ಆದರೂ ಎದ್ದು ಹೋಗಿ ಚಿಲಕ ಬಿದ್ದಿದೆಯೇ ಎಂದು ನೋಡಿ ಬಂದಳು.

ಮಾರನೆಯ ದಿನ ಹನೂರಿನ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಅಜ್ಜೀಪುರಕ್ಕೆ ಹೋದಳು. ಕವಿತಳ ಮನೆ ಕೇಳುವ ಕಷ್ಟವೇ ಇರಲಿಲ್ಲ. 'ಫಾರಿನ್ ಕವಿತನ ಮನೆ ತಾನೇ' ಎಂದು ಅಂಗಡಿಯವನು ಎದ್ದು ಬಂದು ದಾರಿ ತೋರಿಸಿದ. ಹೆಂಚಿನ ಪುಟ್ಟ ಮನೆ. ಕವಿತಳ ತಾಯಿ ಸೋಮಮ್ಮ ಮೊರದಲ್ಲಿ ಹುಚ್ಚೆಳ್ಳು ಕೇರುತ್ತಿದ್ದಳು. ತಾನು ಸ್ವೀಡನ್ನಿಗೆ ಹೋಗುವವಳು, ಕವಿತಳ ಪರಿಚಯ ಎಂದು ಸುನಿತಾ ಹೇಳಿದ್ದೇ ಮೊರ ಕೆಳಗಿಟ್ಟು ಎರಡೂ ಕೈ ಹಿಡಿದುಕೊಂಡಳು.

ಒಳಗೆ ಗೋಡೆಯ ಮೇಲೆ ದೇವರ ಪಟದ ಪಕ್ಕ ಹಿಮದಲ್ಲಿ ನಿಂತ ಕವಿತ. ಸುನಿತಾ ಹತ್ತಿರ ಹೋಗಿ ನೋಡಿದಳು. ಮಾದೇಶನ ಗೋಡೆಯ ಮೇಲಿದ್ದದ್ದೇ ಮುಖ, ಅದೇ ನಗು, ಅದೇ ಎರಡು ಜಡೆ. ಹಿಮ ಬೀಳುವ ಕಡೆ ತೆಳ್ಳನೆಯ ಹತ್ತಿ ಚೂಡಿದಾರ ತೊಟ್ಟು ನಿಂತಿದ್ದಳು.

"ದಿನಾ ಮೆಸೇಜ್ ಆಕ್ತಾಳೆ ಕಣವ್ವ. ನಂಗೆ ಓದಾಕ್ ಬರಲ್ಲ. ಆಶಾ ಕವಿತ ಬಂದಾಗ ಓದಿ ಏಳ್ತದೆ," ಎಂದಳು ಸೋಮಮ್ಮ. ಊರಿನ ಆಶಾ ಕಾರ್ಯಕರ್ತೆಯ ಹೆಸರೂ ಮಗಳದ್ದೇ ಎಂದು ಹೇಳಿ ಸ್ವಲ್ಪ ನಕ್ಕಳು.

"ಮಾತಾಡಲ್ವಾ ಅವ್ವ? ಪೋನಲ್ಲಿ?"

ಸೋಮಮ್ಮನ ನಗು ನಿಂತಿತು. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತರಿ ಮಾಡಿಕೊಂಡು ದನಿ ತಗ್ಗಿಸಿದಳು.

"ಓದಾಗಿಂದ ದನಿ ಕೇಳಿಲ್ಲ ಕಣವ್ವ. ಅಲ್ಲಿ ಬುಡದಿಲ್ಲ ಅಂತಾರೆ ಆ ಮಾದೇಸಪ್ಪ. ಊರೋರೆಲ್ಲ ನಿನ್ ಮಗಳಂಗೆ ಯಾರೂ ಇಲ್ಲ ಅಂತಾರೆ, ನಾನು ಊ ಅಂತೀನಿ. ಆದ್ರೆ ನನ್ ಮಗಳು ಒಂದು ದಿನಾನೂ ಉಂಡ್ಯಾ ಅಂತ ಕೇಳ್ದೆ ಮಲಗ್ದೋಳಲ್ಲ. ಈ ಮೆಸೇಜಲ್ಲಿ ಒಂದ್ ಸಲನೂ ಕೇಳಿಲ್ಲ." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ನನ್ ಮಗಳು ಬದುಕವ್ಳಾ? ನೀ ಓದ್ದೋಳು, ನಿಂಗೆ ಗೊತ್ತಿರ್ತದೆ, ಏಳು."

"ಇದ್ದಾರೆ ಅವ್ವ," ಎಂದಳು ಸುನಿತಾ.

ಹೊರಡುವಾಗ ಸೋಮಮ್ಮ ಹುಚ್ಚೆಳ್ಳು ಚಟ್ನಿಪುಡಿಯ ಗಂಟೊಂದನ್ನು ಕೈಗಿಟ್ಟಳು. "ಅಲ್ಲಿಗೋದ್ಮೇಲೆ ಅವ್ಳ ಕೈ ಒಂದ್ಸಲ ಮುಟ್ ನೋಡವ್ವ. ಬೆಚ್ಚಗಿದ್ರೆ ನಂಗೆ ಏಳು, ಸಾಕು."

ಬಸ್ಸಿನಲ್ಲಿ ಕೂತೇ ಸುನಿತಾ ಆ ನಂಬರಿಗೆ ಬರೆದಳು: 'ಅಕ್ಕ, ನೀನು ಯಾರೋ ನನಗೆ ಗೊತ್ತಿಲ್ಲ. ಸೋಮಮ್ಮನ ಮನೆಗೆ ಹೋಗಿದ್ದೆ. ಮಗಳ ಕೈ ಬೆಚ್ಚಗಿದೆಯಾ ಅಂತ ಮುಟ್ಟಿ ನೋಡಲು ಹೇಳಿದ್ದಾರೆ. ಚಟ್ನಿಪುಡಿ ಕೊಟ್ಟಿದ್ದಾರೆ. ಯಾರಿಗೆ ಕೊಡಲಿ?'

ಎರಡು ದಿನ ಉತ್ತರವಿಲ್ಲ. ಮಾದೇಶನಿಂದ ಮಾತ್ರ ಒಂದು ಕರೆ ಬಂತು. "ಅಜ್ಜೀಪುರಕ್ಕೆ ಓಗಿದ್ಯಂತೆ? ಒಳ್ಳೇದು. ಇನ್ಮೇಲೆ ಎಲ್ಲಾದ್ರೂ ಓಗೋದಾದ್ರೆ ನಂಗೊಂದ್ ಮಾತು ಏಳಮ್ಮ. ವೀಸಾ ಟೈಮು, ಉಸಾರಾಗಿರ್ಬೇಕು." ಯಾರು ಹೇಳಿದರೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸ್ವೀಡನ್ನಿನ ಕವಿತ ಉತ್ತರಿಸಿದಳು.

'ನಾಳೆ ಹನ್ನೊಂದಕ್ಕೆ ಯಳಂದೂರು ಬಸ್ ಸ್ಟ್ಯಾಂಡಿಗೆ ಬಾ. ಮಾದೇಶನಿಗೆ ಹೇಳಬೇಡ.'

ಯಳಂದೂರು ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಮುಖಕ್ಕೆ ವೇಲು ಸುತ್ತಿಕೊಂಡ ಹುಡುಗಿಯೊಬ್ಬಳು ಕೂತಿದ್ದಳು. ಫೋಟೊದ ಜಡೆ ಇರಲಿಲ್ಲ, ಕೂದಲು ಕತ್ತರಿಸಿತ್ತು. ಹಣೆ ಮಾತ್ರ ಅದೇ. ಸುನಿತಾ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಳು. ಅಷ್ಟು ಬಿಸಿಲಿನಲ್ಲೂ ಕೈ ತಣ್ಣಗಿತ್ತು.

"ನಾನು ಹೋಗ್ಲೇ ಇಲ್ಲ ಸುನಿ," ಎಂದಳು ಕವಿತ.

ಕಥೆ ಉದ್ದವೇನಲ್ಲ. ಎರಡು ವರ್ಷದ ಹಿಂದೆ ಇಡೀ ಅಜ್ಜೀಪುರ ಅವಳಿಗೆ ಹಾರ ಹಾಕಿ ಬಸ್ಸು ಹತ್ತಿಸಿತ್ತು. ಬೆಂಗಳೂರಿಗೆ ಹೋದರೆ ಎರಡು ದಿನದಲ್ಲಿ ವೀಸಾ ಬರುತ್ತದೆಂದು ಮಾದೇಶ ಹೇಳಿದ್ದ. ಬಂದದ್ದು ನಿರಾಕರಣೆಯ ಪತ್ರ. ಅವಳ ಅರ್ಜಿಯಲ್ಲಿದ್ದ ಕೆಲಸದ ಅನುಭವದ ಪತ್ರ ಸುಳ್ಳು, ಅಂಥ ಸಂಸ್ಥೆಯೇ ಇಲ್ಲ ಎಂದು ಅದರಲ್ಲಿತ್ತು. ಆ ಅನುಭವದ ಪತ್ರವನ್ನು ಕವಿತ ಕಣ್ಣಿಂದ ಕಂಡವಳೂ ಅಲ್ಲ.

"'ಸೈನ್ ನಿಂದು, ಕೇಸ್ ಬಿದ್ರೆ ನಿನ್ ಮೇಲೆ ಬೀಳ್ತದೆ' ಅಂದ. 'ಊರಿಗೆ ಯಾವ್ ಮುಖ ಇಟ್ಕಂಡು ಓಯ್ತೀಯ, ಮುಂದಿನ್ ವರ್ಷ ಕಳಿಸ್ತೀನಿ, ಅಲ್ಲೀವರ್ಗೂ ನನ್ ಕೆಲ್ಸ ಮಾಡು' ಅಂದ. ಇಲ್ಲೇ ಒಂದು ರೂಮು ಕೊಟ್ಟವ್ನೆ. ಬೆಳಿಗ್ಗೆ ಲ್ಯಾಪ್‌ಟಾಪು, ಪೋನು ತಂದ್ಕೊಡ್ತಾರೆ. ಸಾಯಂಕಾಲ ತಕಂಡೋಯ್ತಾರೆ. ಮಧ್ಯೆ ಯಾರೂ ಬರಲ್ಲ, ನಿನ್ ಮೆಸೇಜ್ ಅಳಿಸ್ಬುಟ್ಟು ಬಂದೆ."

"ಏನ್ ಕೆಲ್ಸ?"

"ಬರಿಯೋದು. ನಿಮ್ಮಂಥೋರಿಗೆ. ಮನೆಯೋರಿಗೆ." ಅವಳು ಉಗುರಿನಿಂದ ಬೆಂಚಿನ ಕಲ್ಲು ಕೆರೆದಳು. "ಉಂಡ್ಯಾ ಅಂತ ಅವ್ವನ್ನ ಕೇಳ್ಬೇಕು ಅಂತ ದಿನಾ ಟೈಪ್ ಮಾಡಿ ಅಳಿಸ್ತೀನಿ. ಅದೊಂದು ಮಾತು ಸುಳ್ಳಲ್ಲಿ ಸೇರಿಸಕ್ಕೆ ಮನಸ್ ಬರ್ಲಿಲ್ಲ."

ಸುನಿತಾ ಕೊಟ್ಟ ಚಟ್ನಿಪುಡಿಯ ಗಂಟನ್ನು ಅವಳು ಬಿಚ್ಚಲಿಲ್ಲ, ಮೂಗಿಗೆ ಒತ್ತಿ ಹಿಡಿದಳು. ಬಿಳಿಗಿರಿರಂಗನ ಬೆಟ್ಟದ ಬಸ್ಸು ಬಂದು ನಿಂತು, ಜನ ಹತ್ತಿ, ಹೋಯಿತು.

"ಇನ್ನೂ ಎರಡು ವಿಷ್ಯ ಐತೆ," ಎಂದಳು ಕವಿತ ಕೊನೆಗೆ. "ನಾನು ಬರಿಯೋದು ನನ್ ಹೆಸರಲ್ಲಿ ಮಾತ್ರ ಅಲ್ಲ. ಇನ್ನೂ ಮೂರು ಹುಡ್ಗೀರ ಹೆಸರಲ್ಲಿ ಬರೀತೀನಿ. ಒಬ್ಳು ಲೊಕ್ಕನಹಳ್ಳಿ ಶೃತಿ. ಮಿಕ್ಕೋರ ಊರು ಗೊತ್ತಿಲ್ಲ, ಬರೀ ನಂಬರು."

"ಅವ್ರೂ ನಿನ್ನಂಗೇ ಇಲ್ಲೆಲ್ಲೋ ಅವ್ರಾ?"

"ಗೊತ್ತಿಲ್ಲ. ನಾನ್ಯಾವತ್ತೂ ನೋಡಿಲ್ಲ. ಒಂದ್ಸಲ ಮಾದೇಶನ್ನ ಕೇಳ್ದೆ. 'ಅದ್ ನಿಂಗ್ಯಾಕೆ' ಅಂತ ನಕ್ಕ. ಆ ನಗು ನೋಡಿ ಇನ್ನೊಂದ್ಸಲ ಕೇಳ್ಲಿಲ್ಲ."

"ಎರಡ್ನೇದು?"

ಕವಿತ ವೇಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. "ನಿನ್ ಅರ್ಜೀಲೂ ಆ ಪತ್ರ ಐತೆ. ಎರಡ್ ವರ್ಷ ಸಂಸ್ಥೇಲಿ ಕೆಲ್ಸ ಮಾಡಿದ್ದಾಳೆ ಅಂತ. ಟೈಪ್ ಮಾಡ್ದೋಳು ನಾನೇ."

ಸುನಿತಾಳಿಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು, ಆ ಕತ್ತರಿಸಿದ ಕೂದಲು ಹಿಡಿದು ಎಳೆಯಬೇಕೆನಿಸಿತು, ನೆಲ್ಲಿಮರದ ಬಗ್ಗೆ ತಾನೇ ಬರೆದಿದ್ದ ಆ ಎರಡು ಪುಟ ನೆನಪಾಯಿತು. ಅದಷ್ಟೇ ಸಾಕಿತ್ತಲ್ಲ. ಸುಳ್ಳು ಬೇಕಿರಲೇ ಇಲ್ಲ. ಕವಿತ ತಲೆ ತಗ್ಗಿಸಿ ಹೊಡೆತಕ್ಕೆ ಕಾದವಳಂತೆ ಕೂತಿದ್ದಳು.

"ನನ್ ಜೊತೆ ಬಾ," ಎಂದಳು ಸುನಿತಾ. "ಈಗ್ಲೇ. ಆ ರೂಮಿಗೆ ವಾಪಸ್ ಓಗ್ಬೇಡ."

ಇಬ್ಬರೂ ಮುಂದಿನ ಬಸ್ಸಿಗೆ ಬೆಟ್ಟ ಹತ್ತಿದರು. ದೊಡ್ಡಮಾದ ಅರಣ್ಯ ಇಲಾಖೆಯಲ್ಲಿ ವಾಚರು. ಖಾಕಿ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಮಗಳು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದ.

"ಆ ಸುಳ್ಳು ನೀ ಬರದ್ಯಾ ಕೂಸೇ?"

"ಇಲ್ಲಪ್ಪ. ಸೈನ್ ಮಾತ್ರ ನಂದು."

"ಅಂಗಾದ್ರೆ ಸ್ವೀಡನ್ನೋರಿಗೆ ನೀನೇ ಏಳ್ಬುಡು. ಅವ್ರು ಕಂಡುಹಿಡಿಯೋಕ್ ಮುಂಚೆ."

"ಏಳಿದ್ರೆ ಸೀಟು ಓಯ್ತದಪ್ಪ."

"ಓಗ್ಲಿ," ಎಂದ ದೊಡ್ಡಮಾದ. ಮಗಳ ವಿಮಾನದ ಸುದ್ದಿಯನ್ನು ಪೋಡಿನಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಹೇಳಿಕೊಂಡು ತಿರುಗಿದವನು ಅವನೇ.

ಸಿಗ್ನಲ್ ಸಿಗುವ ಬಂಡೆಯ ಮೇಲೆ ಕೂತು ಸುನಿತಾ ಮೇಲ್ ಬರೆದಳು, ಒಂದು ವಿಶ್ವವಿದ್ಯಾಲಯಕ್ಕೆ, ಒಂದು ವೀಸಾದವರಿಗೆ. ಕಳಿಸುವ ಗುಂಡಿ ಒತ್ತುವಾಗ ಹೆಬ್ಬೆರಳು ಎರಡು ಸಲ ಹಿಂದೆ ಸರಿಯಿತು. ಮೂರನೆಯ ಸಲ ಒತ್ತಿದಳು.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬಿಳಿ ಕಾರೊಂದು ಪೋಡಿನ ಕೆಳಗಿನ ರಸ್ತೆಯಲ್ಲಿ ನಿಂತಿತು. ಮಾದೇಶ ಒಬ್ಬನೇ ನಡೆದು ಬಂದ. ಕವಿತಳನ್ನು ಸುನಿತಾಳ ತಾಯಿ ಬೊಮ್ಮಿ ಆಗಲೇ ಹಿಂದಿನ ಬಾಗಿಲಿಂದ ನೆಂಟರ ಮನೆಗೆ ಕರೆದುಕೊಂಡು ಹೋಗಿದ್ದಳು. ಅವನು ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಡಲು ನೀರು ಕೇಳಿದ. ಅಷ್ಟು ವಿನಯ.

"ನಮ್ ಆಫೀಸಿನ ಉಡ್ಗಿ ಒಬ್ಳು ಕಾಣೆಯಾಗವ್ಳೆ ಯಜಮಾನ್ರೆ. ತಲೆ ಸರಿ ಇಲ್ಲ ಅವ್ಳಿಗೆ, ಏನೇನೋ ಏಳ್ತಾಳೆ. ಈ ಕಡೆ ಬಂದ್ರೆ ನಂಬ್ಬೇಡಿ."

"ಬಂದಿಲ್ಲ ಸಾ," ಎಂದ ದೊಡ್ಡಮಾದ.

"ಕಾಡು ಪಕ್ಕದಲ್ಲೇ ಐತೆ. ಒಂಟಿ ಉಡ್ಗೀರು ತಿರುಗೋ ಜಾಗ ಅಲ್ಲ ಇದು." ಹಾಗೆನ್ನುವಾಗ ಅವನು ನೋಡಿದ್ದು ಸುನಿತಾಳನ್ನು.

"ಕಾಡ ನಾವು ನೋಡ್ಕತೀವಿ ಸಾ. ನೀವು ಉಸಾರಾಗಿ ಇಳೀರಿ, ತಿರುವು ಜಾಸ್ತಿ," ಎಂದು ದೊಡ್ಡಮಾದ ಎದ್ದು ನಿಂತ. ಮಾದೇಶ ನಕ್ಕು, ಕೈ ಮುಗಿದು ಇಳಿದು ಹೋದ. ಕಾರು ಮಾತ್ರ ಮಧ್ಯಾಹ್ನದವರೆಗೂ ಅಲ್ಲೇ ನಿಂತಿತ್ತು.

ಅದು ಹೊರಟ ಮೇಲೆ ದೊಡ್ಡಮಾದ ಇಬ್ಬರು ಹುಡುಗಿಯರನ್ನೂ ಇಲಾಖೆಯ ಜೀಪಿನಲ್ಲಿ ಕೆಳಗಿಳಿಸಿ, ಅಜ್ಜೀಪುರದವರೆಗೂ ಜೊತೆಗೇ ಬಂದ. ಸೋಮಮ್ಮ ಬಾಗಿಲಲ್ಲಿ ನಿಂತವಳು ಮೊದಲು ಗುರುತಿಸಲಿಲ್ಲ. ಕವಿತ ವೇಲು ತೆಗೆದು, "ಉಂಡ್ಯಾ ಅವ್ವ?" ಎಂದಳು. ಮುದುಕಿ ಮಗಳ ಕೈ ಹಿಡಿದು, ಕೆನ್ನೆ ಹಿಡಿದು, ಮತ್ತೆ ಕೈ ಹಿಡಿದು ನೋಡಿದಳು. ಯಾಕೆ ಏನು ಎಂದು ಒಂದು ಮಾತೂ ಕೇಳಲಿಲ್ಲ. ಊರು ಕೇಳಿತು. ಹಾರ ಹಾಕಿದ್ದವರೇ ಬಾಗಿಲ ಮುಂದೆ ನಿಂತು ನಕ್ಕರು. ಕವಿತ ಒಳಗೆ ಕೂತು ಅದನ್ನೆಲ್ಲ ಕೇಳಿಸಿಕೊಂಡಳು.

ಇಬ್ಬರೂ ಕೊಟ್ಟ ದೂರನ್ನು ಹನೂರಿನ ಪೊಲೀಸರು ಬರೆದುಕೊಂಡರು. ಅವರು ಕೊಳ್ಳೇಗಾಲದ ಆಫೀಸಿಗೆ ಹೋಗುವಷ್ಟರಲ್ಲಿ ಬೀಗ ಬಿದ್ದಿತ್ತು, ಗೋಡೆಯ ಫೋಟೊಗಳೂ ಇರಲಿಲ್ಲ. ಯಳಂದೂರಿನ ಕೋಣೆ ಗುಡಿಸಿ ಒರೆಸಿಟ್ಟಂತಿತ್ತು. ವಿಶ್ವವಿದ್ಯಾಲಯದ ಉತ್ತರ ಮೂರು ವಾರಕ್ಕೆ ಬಂತು: ಸುಳ್ಳು ದಾಖಲೆಯ ಕಾರಣ ಈ ವರ್ಷದ ಸೀಟು ರದ್ದಾಗಿದೆ, ತಾನಾಗಿ ತಿಳಿಸಿದ್ದನ್ನು ಗಮನಿಸಲಾಗಿದೆ, ನೆಲ್ಲಿಮರದ ಬರಹ ಚೆನ್ನಾಗಿತ್ತು, ಮುಂದಿನ ವರ್ಷ ಸ್ವತಃ ಅರ್ಜಿ ಹಾಕಬಹುದು. ಸುನಿತಾ ಅದನ್ನು ಓದಿ ಅತ್ತಳು. ಅತ್ತು, ಮುಖ ತೊಳೆದುಕೊಂಡು, ಅಜ್ಜೀಪುರಕ್ಕೆ ಫೋನ್ ಮಾಡಿದಳು.

"ಶೃತಿ ಮನೆಗೆ ಓಗೋಣ ಅಕ್ಕ. ಪೊಲೀಸ್ನೋರು ಓಯ್ತೀವಿ ಅಂತಾನೆ ಅವ್ರೆ. ನಾವೇ ಓಗೋಣ."

ಲೊಕ್ಕನಹಳ್ಳಿಯ ಅಂಚಿನಲ್ಲಿ, ಕಾಡಿಗೆ ಬೆನ್ನು ಮಾಡಿ ನಿಂತ ಮನೆ. ಶೃತಿಯ ಅಪ್ಪ ಪುಟ್ಟಮಾದಪ್ಪ ಆನೆ ತುಳಿದ ಬೇಲಿಯ ಕಂಬ ನೆಡುತ್ತಿದ್ದ. ಇಬ್ಬರು ಹುಡುಗಿಯರನ್ನು ಕಂಡದ್ದೇ ಗುದ್ದಲಿ ನಿಲ್ಲಿಸಿದ, ಕೂರಿ ಎನ್ನಲಿಲ್ಲ.

"ನೀವೇನಾ? ಬತ್ತೀರಿ ಅಂತ ನನ್ ಮಗಳು ಏಳಿದ್ಲು."

"ಯಾವಾಗ ಏಳಿದ್ರು?" ಎಂದು ಕೇಳಿದಳು ಸುನಿತಾ.

"ಈವತ್ ಬೆಳಿಗ್ಗೆ." ಅವನು ಅಂಗಿಯ ಜೇಬಿನಿಂದ ಫೋನು ತೆಗೆದು ಹಿಡಿದ. 'ಅಪ್ಪ, ಆನೆ ಬಂದದ್ದು ಕೇಳಿ ಬೇಜಾರಾಯ್ತು. ಇಬ್ಬರು ಹುಡುಗಿಯರು ಮನೆಗೆ ಬರಬಹುದು. ಅವರ ಮಾತು ನಂಬಬೇಡಿ.'

ಕವಿತ ಸುನಿತಾಳ ತೋಳು ಹಿಡಿದುಕೊಂಡಳು. ಅವಳು ಕೊನೆಯ ಸಲ ಶೃತಿಯ ಹೆಸರಿನಲ್ಲಿ ಬರೆದು ತಿಂಗಳಾಗಿತ್ತು.

"ಅಣ್ಣ," ಎಂದಳು ಅವಳು. "ಯುಗಾದಿ ದಿನ ನೀವು ಒಂದು ಮೆಸೇಜ್ ಆಕಿದ್ರಿ. 'ನಿಮ್ಮವ್ವ ಸತ್ತ ದಿನ ನಿನ್ನ ಹೊಡೆದಿದ್ದೆ, ತಪ್ಪಾಯ್ತು ಮಗ, ಎದುರಿಗೆ ಏಳಕ್ಕಾಗ್ಲಿಲ್ಲ' ಅಂತ. ಅದಕ್ಕೆ 'ನಂಗೆ ನೆನಪೇ ಇಲ್ಲ ಅಪ್ಪ' ಅಂತ ಉತ್ತರ ಬಂತಲ್ವಾ? ಅದ ಬರ್ದೋಳು ನಾನು. ನಿಮ್ ಮಗಳಲ್ಲ. ಈವತ್ತು ಬಂದಿರೋದ್ನ ಬರ್ದೋರು ಯಾರೋ ನಂಗೂ ಗೊತ್ತಿಲ್ಲ."

ಪುಟ್ಟಮಾದಪ್ಪ ಅವಳನ್ನೇ ನೋಡಿದ. ಆ ಮಾತನ್ನು ಅವನು ಭೂಮಿಯ ಮೇಲೆ ಇನ್ನಾರಿಗೂ ಹೇಳಿದವನಲ್ಲ. ಮಗಳ ನಂಬರು ಒತ್ತಿ ಕಿವಿಗಿಟ್ಟುಕೊಂಡ. ಉದ್ದಕ್ಕೆ ರಿಂಗಾಯಿತು, ನಿಂತಿತು. ಕೂಡಲೇ ಫೋನು ಒಮ್ಮೆ ಗುಣುಗುಟ್ಟಿತು.

'ಕ್ಲಾಸಲ್ಲಿದ್ದೀನಿ ಅಪ್ಪ. ಅವರು ಬಂದಿದ್ದಾರಾ?'

ಮೂವರೂ ಅದನ್ನು ಓದಿದರು. ಹಿಂದಿನ ಕಾಡಿನಲ್ಲಿ ಎಲ್ಲೋ ಒಂದು ಕೊಂಬೆ ಮುರಿದ ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ. ಪುಟ್ಟಮಾದಪ್ಪ ಉತ್ತರ ಬರೆಯಲಿಲ್ಲ. ಗುದ್ದಲಿಯನ್ನು ಬೇಲಿಗೆ ಒರಗಿಸಿ, ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡ.

"ಹನೂರು ಪೊಲೀಸ್ ಸ್ಟೇಸನ್‌ಗೆ ಓಗಕ್ಕೆ ಬಸ್ಸು ಎಷ್ಟೊತ್ಗವ್ವ?" ಎಂದು ಕೇಳಿ, ಬೇರೆ ಅಂಗಿ ಹಾಕಿಕೊಳ್ಳಲು ಒಳಗೆ ಹೋದ.